ಗುಟೆನ್‌ಬರ್ಗ್ ಕಂಡುಹಿಡಿದದ್ದೇನು, ಕನ್ನಡಕ್ಕೆ ಅಚ್ಚು ಬರಲು ತಡವಾದದ್ದೇಕೆ?

ಪ್ರಶ್ನೆ: ಗುಟೆನ್‌ಬರ್ಗ್ ಮುದ್ರಣ ಯಂತ್ರ ಕಂಡುಹಿಡಿದ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಚೀನಾ, ಕೊರಿಯಾಗಳಲ್ಲಿ ಬಿಡಿ ಅಚ್ಚುಮೊಳೆ (ಒಂದೊಂದು ಅಕ್ಷರದ ಬಿಡಿ ಅಚ್ಚು) ಅದಕ್ಕೂ ಮೊದಲೇ ಇತ್ತಂತೆ. ಹಾಗಾದರೆ ಆತ ಹೊಸದಾಗಿ ಮಾಡಿದ್ದೇನು? ಅದು ಐವತ್ತೇ ವರ್ಷದಲ್ಲಿ ಯುರೋಪಿನ ತುಂಬ ಹಬ್ಬಿದ್ದು ಹೇಗೆ? ಗೋವೆಗೆ 1556ರಲ್ಲೇ ಅಚ್ಚುಯಂತ್ರ ಬಂದಿದ್ದರೂ ಕನ್ನಡ 19ನೇ ಶತಮಾನದವರೆಗೆ ಕಾದದ್ದೇಕೆ?

ಉತ್ತರ: ಮೊದಲು ಯಂತ್ರದ ಮಾತು ಮುಗಿಸಿಬಿಡೋಣ. ಮರದ ಚೌಕಟ್ಟಿನೊಳಗೆ ದಪ್ಪ ತಿರುಪು ತಿರುಗಿಸಿ ಹಲಗೆಯೊಂದನ್ನು ಕೆಳಕ್ಕೆ ಒತ್ತುವ ಸಾಧನ ಗುಟೆನ್‌ಬರ್ಗ್ ಕಾಲಕ್ಕೆ ಹಳೆಯದು. ದ್ರಾಕ್ಷಿ ಹಿಂಡಲು, ಬಟ್ಟೆ ಒತ್ತಲು, ಕಾಗದದ ಗಿರಣಿಯಲ್ಲಿ ಹಸಿ ಹಾಳೆಯ ನೀರು ತೆಗೆಯಲು ಅದನ್ನೇ ಬಳಸುತ್ತಿದ್ದರು. ಅಚ್ಚಿನ ಕೆಲಸಕ್ಕೆ ಅದನ್ನು ಒಗ್ಗಿಸಿದ್ದು ಜಾಣತನ ನಿಜ, ಆದರೆ ಅದು ಬಡಗಿಯ ಜಾಣತನ. ಬಿಡಿ ಮೊಳೆಯ ಕಲ್ಪನೆಯೂ ಹೊಸದಲ್ಲ. ಚೀನಾದ ಬಿ ಶೆಂಗ್ 1040ರ ದಶಕದಲ್ಲಿ ಸುಟ್ಟ ಮಣ್ಣಿನ ಮೊಳೆ ಮಾಡಿದ್ದ. ಕೊರಿಯಾದಲ್ಲಿ 1377ರಲ್ಲಿ ಲೋಹದ ಮೊಳೆಯಿಂದ ಅಚ್ಚಾದ ಬೌದ್ಧ ಗ್ರಂಥ ‘ಜಿಕ್‌ಜಿ’ ಇಂದಿಗೂ ಉಳಿದಿದೆ.

ವ್ಯತ್ಯಾಸ ಇರುವುದು ಒತ್ತುವ ರೀತಿಯಲ್ಲಿ. ಪೂರ್ವದ ಆ ದೇಶಗಳಲ್ಲಿ ಮೊಳೆಗಳ ಮೇಲೆ ನೀರುಮಸಿ ಹಚ್ಚಿ, ತೆಳು ಕಾಗದ ಹಾಸಿ, ಹಿಂದಿನಿಂದ ಕೈಯಲ್ಲಿ ಉಜ್ಜುತ್ತಿದ್ದರು. ಒಂದು ಮೊಳೆ ಕೂದಲೆಳೆಯಷ್ಟು ತಗ್ಗಿದ್ದರೂ ಉಜ್ಜುವ ಕೈ ಅಲ್ಲಿಗೆ ಬಾಗುತ್ತದೆ, ಅಕ್ಷರ ಮೂಡುತ್ತದೆ. ಯುರೋಪಿನ ಕಾಗದ ಗಡುಸು, ದಪ್ಪ. ಅದನ್ನು ಸಪಾಟಾದ ಹಲಗೆಯಿಂದ ಒಮ್ಮೆಗೇ ಒತ್ತಬೇಕು, ಹಲಗೆ ಬಾಗುವುದಿಲ್ಲ. ಗುಟೆನ್‌ಬರ್ಗ್‌ನ 42 ಸಾಲಿನ ಬೈಬಲ್ಲಿನ ಒಂದು ಪುಟದಲ್ಲಿ ಸುಮಾರು 2,600 ಅಕ್ಷರಗಳು. ಅವುಗಳಲ್ಲಿ ಒಂದು ಮಾತ್ರ ಎತ್ತರವಾಗಿದ್ದರೆ ಕಾಗದ ಚುಚ್ಚಿಕೊಳ್ಳುತ್ತದೆ, ಅಕ್ಕಪಕ್ಕದವು ಮಸುಕಾಗುತ್ತವೆ. ಮೊಳೆಯ ಒಡಲು (ಸಾಲಿನ ಮೇಲಿಂದ ಕೆಳಗಿನ ಅಳತೆ) ಸಾಲಿಗೆ 0.05 ಮಿಲಿಮೀಟರ್ ಹೆಚ್ಚಾದರೂ 42 ಸಾಲಿಗೆ ಎರಡು ಮಿಲಿಮೀಟರ್ ದಾಟುತ್ತದೆ. ಎರಡು ಅಂಕಣ ಅಕ್ಕಪಕ್ಕ ನಿಲ್ಲುವುದಿಲ್ಲ, ಚೌಕಟ್ಟು ಬಿಗಿಯಾಗುವುದಿಲ್ಲ, ಫಾರಂ (ಚೌಕಟ್ಟಿಗೆ ಬಿಗಿದ ಮೊಳೆಗಳ ಜೋಡಣೆ) ಎತ್ತಿದರೆ ಮೊಳೆಗಳು ನೆಲಕ್ಕೆ ಸುರಿಯುತ್ತವೆ. ಒಂದೇ ಎತ್ತರದ, ಒಂದೇ ಒಡಲಿನ ಮೊಳೆಗಳನ್ನು ಸಾವಿರಗಟ್ಟಲೆ ಎರೆಯುವ ವಿಧಾನವೇ ಇಲ್ಲಿನ ನಿಜವಾದ ಶೋಧ. ಅದು ಅಕ್ಕಸಾಲಿಗನ ಕೆಲಸ. ಗುಟೆನ್‌ಬರ್ಗ್ 1430ರ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ರತ್ನಕ್ಕೆ ಮೆರುಗು ಕೊಡುವುದನ್ನು ಕಲಿಸುತ್ತಿದ್ದ, ಆಖೆನ್ ಯಾತ್ರಿಕರಿಗೆ ಮಾರಲು ಲೋಹದ ಕನ್ನಡಿಗಳನ್ನು ಮಾಡಿಸುತ್ತಿದ್ದ ಎಂಬುದನ್ನು ಇಲ್ಲಿ ನೆನೆಯಬೇಕು.

ಮೊಳೆ ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಬೆರಳುದ್ದದ ಉಕ್ಕಿನ ಕಡ್ಡಿಯನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸುತ್ತಾರೆ, ಉಕ್ಕು ಮೆದುವಾಗುತ್ತದೆ. ಅದರ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ, ಉಬ್ಬುವಂತೆ ಕೆತ್ತಬೇಕು, ಇದೇ ಪಂಚು. ‘o’ ಅಥವಾ ‘e’ ಅಕ್ಷರದ ಒಳಗಿನ ಖಾಲಿ ಜಾಗವನ್ನು ಉಳಿಯಿಂದ ತೋಡುವುದು ಕಷ್ಟ. ಅದಕ್ಕೆ ಆ ಖಾಲಿಯ ಆಕಾರದ್ದೇ ಇನ್ನೊಂದು ಪಂಚು ಮಾಡಿ ಮೊದಲು ಅದನ್ನು ಹೊಡೆದು ಗುಳಿ ಮಾಡುತ್ತಾರೆ, ಆಮೇಲೆ ಹೊರಗಿನ ಅಂಚನ್ನು ಅರದಿಂದ ತೀಡುತ್ತಾರೆ. ನಡುನಡುವೆ ತುದಿಯನ್ನು ದೀಪದ ಹೊಗೆಗೆ ಹಿಡಿದು ಕಾಡಿಗೆ ಕೂರಿಸಿ ಕಾಗದದ ಮೇಲೆ ಒತ್ತಿ ಪರೀಕ್ಷೆ. ಸರಿ ಕಂಡ ಮೇಲೆ ಮತ್ತೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡಿ, ತುಸು ಹದವಾಗಿ ಕಾಯಿಸಿ ಪೆಡಸು ತೆಗೆಯುತ್ತಾರೆ. ಈ ಕೊನೆಯ ಹದ ತಪ್ಪಿದರೆ ತಾಮ್ರಕ್ಕೆ ಹೊಡೆಯುವಾಗ ಪಂಚಿನ ತುದಿ ಚೂರಾಗುತ್ತದೆ, ಒಂದು ದಿನದ ದುಡಿಮೆ ಮಣ್ಣುಪಾಲು.

ಪಂಚನ್ನು ತಾಮ್ರದ ಪುಟ್ಟ ತುಂಡಿಗೆ ಸುತ್ತಿಗೆಯಿಂದ ಹೊಡೆದಾಗ ಮೂಡುವ ಗುಳಿಯೇ ಮಾತೃಕೆ. ಹೊಡೆತಕ್ಕೆ ತಾಮ್ರ ಸುತ್ತ ಉಬ್ಬುತ್ತದೆ, ಗುಳಿ ಓರೆಯಾಗುತ್ತದೆ, ಆಳ ಒಂದೊಂದಕ್ಕೆ ಒಂದೊಂದಾಗುತ್ತದೆ. ಎಲ್ಲ ಮಾತೃಕೆಗಳ ಆಳ, ಅಂಚು, ನೆಟ್ಟಗೆ ಒಂದೇ ಆಗುವವರೆಗೆ ಅರ ಹಾಕುತ್ತಲೇ ಇರಬೇಕು. ಸಾಲಿನಲ್ಲಿ ಅಕ್ಷರಗಳು ಕುಣಿದಂತೆ ಕಾಣುವ ಹಳೆಯ ಪುಸ್ತಕ ಕಂಡರೆ ಈ ಅರದ ಕೆಲಸದಲ್ಲಿ ಅವಸರವಾಗಿದೆ ಎಂದುಕೊಳ್ಳಬಹುದು.

ಮುಂದೆ ಕೈಯಲ್ಲಿ ಹಿಡಿಯುವ ಮೋಲ್ಡು. ನನ್ನ ಲೆಕ್ಕದಲ್ಲಿ ಇಡೀ ಕಸುಬಿನ ಜೀವಾಳ ಇದೇ. ‘ಎಲ್’ ಆಕಾರದ ಎರಡು ಲೋಹದ ತುಂಡುಗಳು ಒಂದಕ್ಕೊಂದು ಜಾರುವಂತೆ ಕೂಡಿರುತ್ತವೆ, ನಡುವೆ ಚೌಕನೆಯ ಕೊಳವೆಯಂಥ ಜಾಗ. ಎರಡನ್ನೂ ಅತ್ತಿತ್ತ ಸರಿಸಿದರೆ ಅಗಲ ಮಾತ್ರ ಬದಲಾಗುತ್ತದೆ. ಸಾಲಿನ ಮೇಲಿಂದ ಕೆಳಗಿನ ಅಳತೆ ಬದಲಾಗದು, ಮೊಳೆಯ ಎತ್ತರವೂ ಬದಲಾಗದು. ಹಾಗಾಗಿ ‘i’ಗೆ ಕಿರಿದು, ‘m’ಗೆ ಅಗಲ, ಉಳಿದೆರಡು ಅಳತೆ ಎಲ್ಲಕ್ಕೂ ಒಂದೇ. ತಳದಲ್ಲಿ ಮಾತೃಕೆ ಸಿಕ್ಕಿಸಿ, ಮೇಲಿನ ಬಾಯಿಗೆ ಸಣ್ಣ ಸೌಟಿನಿಂದ ಕರಗಿದ ಲೋಹ ಹುಯ್ದು, ಹುಯ್ದ ಕ್ಷಣವೇ ಮೋಲ್ಡನ್ನು ಮೇಲಕ್ಕೆ ಝಾಡಿಸಬೇಕು. ಝಾಡಿಸದಿದ್ದರೆ ಲೋಹ ಅಕ್ಷರದ ಸಣ್ಣ ಮೂಲೆಗಳಿಗೆ ಇಳಿಯುವ ಮೊದಲೇ ಹೆಪ್ಪುಗಟ್ಟಿ ಮುಖ ಮೊಂಡಾಗುತ್ತದೆ. ಆಮೇಲೆ ಬಾಯಲ್ಲಿ ಹೆಪ್ಪುಗಟ್ಟಿದ ಲೋಹದ ಬಾಲ ಮುರಿದು, ಪಕ್ಕಗಳನ್ನು ಕಲ್ಲಿಗೆ ಉಜ್ಜಿ, ಎತ್ತರಕ್ಕೆ ಸರಿಯಾಗಿ ಹೆರೆಯುತ್ತಾರೆ. ಲಂಡನ್ನಿನ ಜೋಸೆಫ್ ಮಾಕ್ಸನ್ 1683-84ರಲ್ಲಿ ಬರೆದ ಕೈಪಿಡಿಯ ಪ್ರಕಾರ ನುರಿತವನೊಬ್ಬ ದಿನಕ್ಕೆ ಸುಮಾರು 4,000 ಮೊಳೆ ಎರೆಯುತ್ತಿದ್ದ.

ಲೋಹ ಯಾವುದು? ಬರೀ ಸೀಸ ಮೆತ್ತಗೆ, ಕೆಲವು ನೂರು ಒತ್ತಿಗೆ ಮುಖ ಚಪ್ಪಟೆಯಾಗುತ್ತದೆ, ಆರುವಾಗ ಕುಗ್ಗುತ್ತದೆ ಕೂಡ. ತವರ ಬೆರೆಸಿದರೆ ಸರಾಗವಾಗಿ ಹರಿಯುತ್ತದೆ. ಆಂಟಿಮನಿ ಬೆರೆಸಿದರೆ ಗಡುಸಾಗುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ. ವೆನಿಸ್‌ನಲ್ಲಿ 1540ರಲ್ಲಿ ಅಚ್ಚಾದ ಬಿರಿಂಗುಚ್ಚಿಯೋನ ಲೋಹವಿದ್ಯೆಯ ಗ್ರಂಥದಲ್ಲಿ ಮೂರು ಪಾಲು ತವರ, ಎಂಟನೇ ಒಂದು ಪಾಲು ಸೀಸ, ಎಂಟನೇ ಒಂದು ಪಾಲು ಆಂಟಿಮನಿ ಎಂಬ ಪಾಕ ಇದೆ. ತವರ ದುಬಾರಿಯಾದದ್ದರಿಂದ ಮುಂದೆ ಸೀಸದ ಪಾಲೇ ಮೇಲಾಯಿತು. ಕರಗಿಸುವಾಗ ಏಳುವ ಹೊಗೆ ಕೆಟ್ಟದ್ದು. ಅದಕ್ಕೆ ಮದ್ದೆಂದು ಕೆಲಸಗಾರರಿಗೆ ವೈನಿನಲ್ಲಿ ಎಣ್ಣೆ ಕಲಸಿ ಕುಡಿಸುವ ರೂಢಿಯನ್ನು ಮಾಕ್ಸನ್ ದಾಖಲಿಸಿದ್ದಾನೆ. ಮದ್ದು ಎಷ್ಟು ನಾಟಿತೋ ದೇವರೇ ಬಲ್ಲ.

ಇಲ್ಲಿ ಒಂದು ತಿದ್ದುಪಡಿ ಬೇಕು. ಈ ಪಂಚು-ಮಾತೃಕೆ-ಮೋಲ್ಡಿನ ಕ್ರಮ ಪೂರ್ತಿಯಾಗಿ ಗುಟೆನ್‌ಬರ್ಗ್‌ನದೇ ಎಂದು ಎಲ್ಲ ಕಡೆ ಬರೆಯುತ್ತಾರೆ. 2001ರಲ್ಲಿ ಪಾಲ್ ನೀಡಮ್ ಮತ್ತು ಬ್ಲೇಸ್ ಅಗ್ವೇರಾ ಇ ಆರ್ಕಾಸ್ ಎಂಬ ಸಂಶೋಧಕರು ಆತನ ಮೊದಮೊದಲ ಮೊಳೆಗಳ ಅಚ್ಚನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದಾಗ ಒಂದೇ ಅಕ್ಷರದ ಆಕಾರಗಳು ಎಣಿಸಲಾಗದಷ್ಟು ಬೇರೆ ಬೇರೆ ಬಂದವು. ಒಂದೇ ತಾಮ್ರದ ಮಾತೃಕೆಯಿಂದ ಬಂದಿದ್ದರೆ ಹಾಗಾಗಬಾರದು. ಬಹುಶಃ ಆತ ಆರಂಭದಲ್ಲಿ ಮರಳಿನಂಥ, ಒಂದೇ ಬಾರಿಗೆ ಬಳಸುವ ಅಚ್ಚಿನಲ್ಲಿ ಎರೆದಿರಬೇಕು, ತಾಮ್ರದ ಮಾತೃಕೆ ಒಂದೆರಡು ದಶಕದಲ್ಲಿ ಅವನ ಹಿಂದೆ ಬಂದವರ ಕೈಯಲ್ಲಿ ಪಳಗಿರಬೇಕು. ತಂತ್ರಜ್ಞಾನ ಬೆಳೆಯುವ ರೀತಿಗೆ ಇದೇ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ.

ಮಸಿಯದು ಇನ್ನೊಂದು ತೊಡಕು. ಲೆಕ್ಕಣಿಕೆಗೆ ಬಳಸುವ ನೀರುಮಸಿ ಲೋಹದ ಮೇಲೆ ಹನಿಹನಿಯಾಗಿ ಸರಿದುಹೋಗುತ್ತದೆ. ಬೇಕಾದದ್ದು ಎಣ್ಣೆಯ ಮಸಿ. ಅಗಸೆ ಎಣ್ಣೆಯನ್ನು ಗಂಟೆಗಟ್ಟಲೆ ಕುದಿಸಿ, ಹನಿಯೊಂದನ್ನು ಆರಿಸಿ ಬೆರಳುಗಳ ನಡುವೆ ಎಳೆದು ನೋಡುತ್ತಾರೆ. ನಮ್ಮ ಬೆಲ್ಲದ ಪಾಕದಂತೆ ಎಳೆ ಬರಬೇಕು. ಎಳೆ ಬಾರದಷ್ಟು ತೆಳುವಾದರೆ ಅಕ್ಷರದ ಸುತ್ತ ಎಣ್ಣೆ ಹರಡಿ ಕಂದು ವರ್ತುಲವಾಗುತ್ತದೆ, ಅತಿ ಗಟ್ಟಿಯಾದರೆ ಕಾಗದದ ಎಳೆಗಳನ್ನೇ ಕೀಳುತ್ತದೆ. ಅದಕ್ಕೆ ದೀಪದ ಕಾಡಿಗೆ ಅರೆದು ಸೇರಿಸುತ್ತಾರೆ. ಕುದಿಯುವ ಎಣ್ಣೆಗೆ ಬೆಂಕಿ ಹೊತ್ತಿಕೊಳ್ಳುವುದು ಸಾಮಾನ್ಯವಾದ್ದರಿಂದ ಈ ಕೆಲಸ ಮನೆಗಳಿಂದ ದೂರ, ಬಯಲಲ್ಲಿ. ಗುಟೆನ್‌ಬರ್ಗ್‌ನ ಮಸಿಯಲ್ಲಿ ತಾಮ್ರ, ಸೀಸಗಳ ಅಂಶ ಹೆಚ್ಚಿದೆ ಎಂದು 1980ರ ದಶಕದ ಪರೀಕ್ಷೆಗಳು ತೋರಿಸಿವೆ. ಐದೂವರೆ ಶತಮಾನವಾದರೂ ಆ ಕಪ್ಪು ಮಾಸಿಲ್ಲ.

ಇನ್ನು ಒತ್ತುವುದು. ಹಿಂದಿನ ದಿನವೇ ಕಾಗದವನ್ನು ನೀರಿಗೆ ಅದ್ದಿ, ಒಣಹಾಳೆಗಳ ನಡುವೆ ಪೇರಿಸಿ, ಮೇಲೆ ಭಾರ ಇಟ್ಟಿರುತ್ತಾರೆ. ಬೆಳಗಿನ ಹೊತ್ತಿಗೆ ತೇವ ಎಲ್ಲ ಕಡೆ ಸಮವಾಗಿ ಹರಡಿರುತ್ತದೆ. ಒಣ ಕಾಗದ ಮಸಿ ಹಿಡಿಯುವುದಿಲ್ಲ, ಅದಕ್ಕೆ ಎರಡರಷ್ಟು ಬಲ ಬೇಕು. ಒಬ್ಬ ಚರ್ಮದ ಎರಡು ಉಂಡೆಗಳಿಂದ ಮೊಳೆಗಳಿಗೆ ಮಸಿ ತಟ್ಟುತ್ತಾನೆ, ಇನ್ನೊಬ್ಬ ಹಾಳೆ ಇಟ್ಟು, ಮೊಳೆಗಳಿರುವ ಬಂಡಿಯನ್ನು ಹಲಗೆಯಡಿಗೆ ಉರುಳಿಸಿ ಹಿಡಿ ಎಳೆಯುತ್ತಾನೆ. ತೋಳಿನ ಬಲಕ್ಕೆ ಮಿತಿ ಇರುವುದರಿಂದ ಒತ್ತುವ ಹಲಗೆ ಅರ್ಧ ಹಾಳೆಯಷ್ಟೇ. ಹಾಗಾಗಿ ಒಂದು ಬದಿಗೆ ಎರಡು ಎಳೆತ. ಆ ಚರ್ಮದ ಉಂಡೆಗಳು ಬಿರುಸಾಗದಂತೆ ರಾತ್ರಿ ಮೂತ್ರದಲ್ಲಿ ನೆನೆಸಿಡುತ್ತಿದ್ದರು. ಹಳೆಯ ಅಚ್ಚುಕೂಟದ ವಾಸನೆ ಹೇಗಿತ್ತೆಂದು ಊಹಿಸಿಕೊಳ್ಳಿ.

ಪುಟಗಳು ಫಾರಮಿನಲ್ಲಿ ಸಾಲಾಗಿ ಇರುವುದಿಲ್ಲ. ಹಾಳೆಯನ್ನು ಎರಡು ಸಲ ಮಡಿಸಿ ಎಂಟು ಪುಟ ಮಾಡುವುದಾದರೆ ಹೊರಗಿನ ಬದಿಗೆ 1, 4, 5, 8, ಒಳಗಿನ ಬದಿಗೆ 2, 3, 6, 7. ಮೊಳೆ ಸಾಲದ ಅಚ್ಚುಕೂಟದಲ್ಲಿ 7ನೇ ಪುಟದವರೆಗೂ ಕ್ರಮವಾಗಿ ಜೋಡಿಸುತ್ತಾ ಕೂತರೆ ಪೆಟ್ಟಿಗೆ ಖಾಲಿ, ಯಂತ್ರ ಸುಮ್ಮನೆ. ಅದಕ್ಕೆ ಹಸ್ತಪ್ರತಿಯಲ್ಲಿ ಯಾವ ಪುಟ ಎಲ್ಲಿಗೆ ಮುಗಿಯುತ್ತದೆಂದು ಮೊದಲೇ ಲೆಕ್ಕಹಾಕಿ 2, 3, 6, 7ನ್ನು ಮಾತ್ರ ಜೋಡಿಸಿ ಒತ್ತಿಬಿಡುತ್ತಿದ್ದರು. ಲೆಕ್ಕ ತಪ್ಪಿದರೆ 5ನೇ ಪುಟದ ಮಾತು 6ಕ್ಕೆ ಹರಿಯುವಂತಿಲ್ಲ, ಅದು ಆಗಲೇ ಅಚ್ಚಾಗಿದೆ. ಆಗ ಪದಗಳನ್ನು ಸಂಕ್ಷೇಪಿಸಿ ಇಕ್ಕಟ್ಟಾಗಿ ತುರುಕುವುದು, ಇಲ್ಲವೇ ಸಾಲುಗಳನ್ನು ಎಳೆದು ಜಾಗ ತುಂಬುವುದು. ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟದಲ್ಲಿ ಪದ್ಯ ಗದ್ಯದಂತೆ ಜೋಡಣೆಯಾದ ಕೆಲವು ಕಡೆಗಳಲ್ಲಿ ಕಾರಣ ಕವಿಯಲ್ಲ, ಇಂಥ ಲೆಕ್ಕ.

ಬೈಬಲ್ಲಿನ ಕೆಲಸದಲ್ಲೂ ಎಡವಟ್ಟುಗಳಿದ್ದವು. ಮೊದಲ ಪುಟಗಳಿಗೆ 40 ಸಾಲು, ಒಂದು ಕಡೆ 41, ಆಮೇಲೆ 42. ಕಾಗದ ಉಳಿಸಲು ಮಾಡಿದ ಬದಲಾವಣೆ ಅದು. ಶೀರ್ಷಿಕೆಗಳನ್ನು ಕೆಂಪಿನಲ್ಲೂ ಅಚ್ಚಿಸಲು ಹೊರಟು, ಎರಡೆರಡು ಸಲ ಒತ್ತುವ ರೇಜಿಗೆಗೆ ಕೆಲವೇ ಪುಟಗಳಲ್ಲಿ ಕೈಬಿಟ್ಟರು, ಕೆಂಪನ್ನು ಕೈಬರಹದವರಿಗೆ ಬಿಟ್ಟರು. ನಡುವೆ ಪ್ರತಿಗಳ ಸಂಖ್ಯೆ ಹೆಚ್ಚಿಸಲು ನಿರ್ಧರಿಸಿದ್ದರಿಂದ, ಆಗಲೇ ಮೊಳೆ ಬಿಚ್ಚಿದ್ದ ಆರಂಭದ ಪುಟಗಳನ್ನು ಮತ್ತೆ ಜೋಡಿಸಬೇಕಾಯಿತು. ಕೈಬರಹವನ್ನೇ ಹೋಲುವಂತೆ ಕೂಡಕ್ಷರ, ಸಂಕ್ಷೇಪಗಳನ್ನೆಲ್ಲ ಸೇರಿಸಿ ಸುಮಾರು 290 ಬಗೆಯ ಮೊಳೆ ಮಾಡಿಸಿದ್ದ. 1,282 ಪುಟ, ಸುಮಾರು 180 ಪ್ರತಿ. ಅಂದರೆ 2 ಲಕ್ಷ 30 ಸಾವಿರದಷ್ಟು ಪುಟಗಳನ್ನು ಒತ್ತಬೇಕು. ಅದರಲ್ಲಿ ಚರ್ಮದ ಹಾಳೆಯ ಪ್ರತಿಯೊಂದಕ್ಕೆ ಸುಮಾರು 170 ಕರುಗಳ ಚರ್ಮ. ಇಷ್ಟಕ್ಕೆ ಯೋಹಾನ್ ಫುಸ್ಟ್ ಎಂಬ, ಗುಟೆನ್‌ಬರ್ಗ್‌ನ ಊರಾದ ಜರ್ಮನಿಯ ಮೈಂಟ್ಸ್‌ನ ಧನಿಕ 1450ರಲ್ಲಿ 800 ಗಿಲ್ಡರ್, 1452ರಲ್ಲಿ ಮತ್ತೆ 800 ಕೊಟ್ಟ. 1455ರಲ್ಲಿ ಬಡ್ಡಿಸಮೇತ ವಾಪಸು ಕೇಳಿ ನ್ಯಾಯಾಲಯಕ್ಕೆ ಹೋದ. ಆಮೇಲೆ ಫುಸ್ಟ್ ಮತ್ತು ಗುಟೆನ್‌ಬರ್ಗ್ ಬಳಿ ಇದ್ದ ಪೀಟರ್ ಶೋಫರ್ ಸೇರಿ ಸ್ವಂತ ಅಚ್ಚುಕೂಟ ನಡೆಸಿದರು. ಕೆಂಪು-ನೀಲಿ ಅಕ್ಷರಗಳನ್ನು ಅಚ್ಚಿನಲ್ಲೇ ಮೂಡಿಸಿದ 1457ರ ಕೀರ್ತನೆಗಳ ಪುಸ್ತಕ ಅವರದು.

ಹಬ್ಬಿದ ಬಗೆಗೆ ಬರೋಣ. 1462ರ ಅಕ್ಟೋಬರಿನಲ್ಲಿ ಆರ್ಚ್‌ಬಿಷಪ್ ಪಟ್ಟದ ಜಗಳದಲ್ಲಿ ಮೈಂಟ್ಸ್ ನಗರ ಲೂಟಿಯಾಗಿ ಅಚ್ಚುಗಾರರು ಚದುರಿದರು ಎಂಬುದು ಪ್ರಸಿದ್ಧ ವಿವರಣೆ. ಅದು ವೇಗ ಕೊಟ್ಟಿತು, ಸರಿ. ಆದರೆ ಅದಕ್ಕೆ ಮೊದಲೇ ಬ್ಯಾಂಬರ್ಗ್, ಸ್ಟ್ರಾಸ್‌ಬರ್ಗ್‌ಗಳಲ್ಲಿ ಅಚ್ಚು ನಡೆದಿತ್ತು. ನಿಜವಾದ ಕಾರಣ ಸಾಮಾನಿನ ಭಾರದಲ್ಲಿದೆ. ಒಂದು ಇಡೀ ಅಕ್ಷರಮಾಲೆಯ ಮಾತೃಕೆಗಳು ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ, ಮೋಲ್ಡು ಅಂಗೈಯಗಲ. ಯಂತ್ರವನ್ನು ಹೋದ ಊರಿನ ಬಡಗಿ ಮಾಡಿಕೊಡುತ್ತಾನೆ, ಸೀಸ ಸಂತೆಯಲ್ಲಿ ಸಿಗುತ್ತದೆ. ಕಸುಬು ಕಲಿತ ಒಬ್ಬ, ಒಂದು ಹೇಸರಗತ್ತೆ, ಅಷ್ಟೇ ಸಾಕು. ಒಂದು ಪಂಚಿನಿಂದ ಬೇಕಾದಷ್ಟು ಮಾತೃಕೆ ಹೊಡೆಯಬಹುದಾದ್ದರಿಂದ ಮುಂದೆ ಅಕ್ಷರದ ಆಕಾರಗಳೇ ವ್ಯಾಪಾರದ ಸರಕಾದವು. ಪ್ಯಾರಿಸ್‌ನ ಪಂಚುಕೆತ್ತುಗ ಕ್ಲಾಡ್ ಗರಮೋನ್ 1561ರಲ್ಲಿ ತೀರಿಕೊಂಡಾಗ ಅವನ ಪಂಚುಗಳಲ್ಲಿ ಕೆಲವನ್ನು ಆಂಟ್‌ವರ್ಪ್‌ನ ಅಚ್ಚುಗಾರ ಪ್ಲಾಂಟಿನ್ ಕೊಂಡ. ಅವು ಅಲ್ಲಿನ ಸಂಗ್ರಹಾಲಯದಲ್ಲಿವೆ.

ಹಾಗೆ 1465ರಲ್ಲಿ ಇಟಲಿಯ ಸುಬಿಯಾಕೊ, 1469ರಲ್ಲಿ ವೆನಿಸ್, 1470ರಲ್ಲಿ ಪ್ಯಾರಿಸ್, 1473ರಲ್ಲಿ ಬುಡಾ ಮತ್ತು ಕ್ರಾಕೋವ್, 1476ರಲ್ಲಿ ವೆಸ್ಟ್‌ಮಿನ್‌ಸ್ಟರ್. 1500ರ ಹೊತ್ತಿಗೆ 250ರಷ್ಟು ಊರುಗಳು, 30 ಸಾವಿರದ ಆಸುಪಾಸಿನಲ್ಲಿ ಮುದ್ರಣಗಳು.

ಆದರೆ ಹಬ್ಬಿದ್ದನ್ನು ಮಾತ್ರ ಎಣಿಸಿದರೆ ಮುಳುಗಿದವರು ಕಾಣುವುದಿಲ್ಲ. 320 ಪುಟದ ಪುಸ್ತಕಕ್ಕೆ ಎಂಟು ಪುಟದ ಹಾಳೆಯ ಲೆಕ್ಕದಲ್ಲಿ 40 ಹಾಳೆ, 1,000 ಪ್ರತಿಗೆ 40,000 ಹಾಳೆ, ಅಂದರೆ 80 ರೀಮು. ದಿನಕ್ಕೆ 1,250 ಹಾಳೆ ಎರಡೂ ಬದಿ ಒತ್ತಿದರೆ ಒಂದು ಯಂತ್ರಕ್ಕೆ 32 ದಿನದ ಕೆಲಸ. ಕೂಲಿ ವಾರವಾರ, ಕಾಗದಕ್ಕೆ ಮುಂಗಡ, ಮಾರಾಟ ಮಾತ್ರ ವರ್ಷಗಟ್ಟಲೆ. ಸುಬಿಯಾಕೊದಲ್ಲಿ ಆರಂಭಿಸಿ ರೋಮ್‌ಗೆ ಹೋದ ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬ ಅಚ್ಚುಗಾರರು 1472ರಲ್ಲಿ ಪೋಪರಿಗೆ ಮನವಿ ಕೊಟ್ಟು, ಮನೆ ತುಂಬ ಅಚ್ಚಾದ ಹಾಳೆ ಇದೆ, ಉಣ್ಣಲು ಏನೂ ಇಲ್ಲ ಎಂದು ಅಲವತ್ತುಕೊಂಡರು. ಅವರು ಒಂದೊಂದು ಪುಸ್ತಕಕ್ಕೆ ತೆಗೆಯುತ್ತಿದ್ದದ್ದು ಸಾಮಾನ್ಯವಾಗಿ 275 ಪ್ರತಿ. ಅದೂ ಖರ್ಚಾಗಲಿಲ್ಲ. ವೆನಿಸ್‌ನಲ್ಲೂ ಎಲ್ಲರೂ ಅದೇ ಲ್ಯಾಟಿನ್ ಕಾವ್ಯಗಳನ್ನೇ ಅಚ್ಚಿಸಿ 1473ರಲ್ಲಿ ಮಾರುಕಟ್ಟೆ ಕುಸಿಯಿತು. ತಾಳಿಕೊಂಡವರು ಪಾಪಕ್ಷಮೆಯ ಚೀಟಿ, ಪಂಚಾಂಗ, ಶಾಲೆಯ ವ್ಯಾಕರಣದಂಥ ಸಣ್ಣ ಕೆಲಸ ಹಿಡಿದವರು ಮತ್ತು ವೆನಿಸ್‌ನಂತೆ ಹಡಗು, ಸಾಲ, ದೂರದ ಗಿರಾಕಿ ಮೂರೂ ಇದ್ದ ಊರಿನವರು. ಫ್ರಾಂಕ್‌ಫರ್ಟ್ ಜಾತ್ರೆ ಪುಸ್ತಕದ ಪೇಟೆಯಾದದ್ದೂ ಅದಕ್ಕೇ.

ಈ ಕನ್ನಡಿ ಹಿಡಿದು ಗೋವೆಯನ್ನು ನೋಡಿ. 1556ರಲ್ಲಿ ಇಳಿದ ಯಂತ್ರ ಇಥಿಯೋಪಿಯಾಕ್ಕೆಂದು ಹೊರಟದ್ದು, ಪ್ರಯಾಣ ಮುರಿದು ಗೋವೆಯಲ್ಲೇ ಉಳಿಯಿತು. ಜೊತೆಗೆ ಬಂದದ್ದು ರೋಮನ್ ಮೊಳೆ, ಅಚ್ಚಾದದ್ದು ಪಾದ್ರಿಗಳಿಗೆ ಬೇಕಾದದ್ದು. ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ಬರೆದ ‘ಕ್ರಿಸ್ತಪುರಾಣ’ ಕೂಡ 1616ರಲ್ಲಿ ರಾಚೋಲ್‌ನಲ್ಲಿ ಅಚ್ಚಾದದ್ದು ರೋಮನ್ ಲಿಪಿಯಲ್ಲೇ.

ಕನ್ನಡದಲ್ಲಿ ಒತ್ತಕ್ಷರ, ಗುಣಿತಾಕ್ಷರ ಜಾಸ್ತಿ, ಅದಕ್ಕೇ ತಡ ಎನ್ನುವವರಿದ್ದಾರೆ. ತೊಡಕು ಸುಳ್ಳಲ್ಲ. ‘ಕ’ದ ತಲೆಕಟ್ಟು ‘ಕಿ’ಯಲ್ಲಿ ಗುಡಿಸಾಗಿ ಅಕ್ಷರದೊಂದಿಗೇ ಬೆಸೆಯುವುದರಿಂದ ಅದಕ್ಕೆ ಬೇರೆಯೇ ಮೊಳೆ ಬೇಕು, ಒತ್ತು ಸಾಲಿನ ಕೆಳಗಿಳಿಯುವುದರಿಂದ ಮೊಳೆಯ ಒಡಲೇ ದೊಡ್ಡದಾಗಬೇಕು. ಆದರೆ ಗುಟೆನ್‌ಬರ್ಗ್ ಕೂಡ 290 ಬಗೆ ಮಾಡಿಸಿದ್ದ. 1578ರಲ್ಲಿ ಕೊಲ್ಲಂನಲ್ಲಿ 16 ಪುಟದ ತಮಿಳು ಪುಸ್ತಕ ತಮಿಳು ಮೊಳೆಯಲ್ಲೇ ಅಚ್ಚಾಯಿತು. ಕರಾವಳಿಯಲ್ಲಿ ತಮಿಳು ಓದುವ ಕ್ರೈಸ್ತ ಸಮುದಾಯವಿತ್ತು, ಪಾದ್ರಿಗಳಿಗೆ ಅದು ತುರ್ತಾಗಿತ್ತು, ಪಂಚು ಕೆತ್ತಲು ಜುವಾಂವ್ ಗೊನ್ಸಾಲ್ವಿಸ್‌ನಂಥ ಕಸುಬುದಾರ ಸಿಕ್ಕ. ಕನ್ನಡಕ್ಕೆ ಆಗ ಆ ಮೂರರಲ್ಲಿ ಒಂದೂ ಕೂಡಿಬರಲಿಲ್ಲ.

ಕೂಡಿಬಂದದ್ದು ಬಂಗಾಳದಲ್ಲಿ. ಅಲ್ಲಿ 1778ರ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಮೊಳೆ ಮಾಡಿದ ಪಂಚಾನನ ಕರ್ಮಕಾರ ಎಂಬ ಕಮ್ಮಾರ ಮುಂದೆ ಸೆರಾಂಪುರದ ಮಿಷನ್ನಿಗೆ ಸೇರಿ, ಅಳಿಯ ಮನೋಹರನಿಗೆ ಕಸುಬು ಕಲಿಸಿದ. ಪಂಚು ಕೆತ್ತುವವರ ಮನೆತನವೇ ಬೆಳೆದ ಆ ಅಚ್ಚುಕೂಟದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂತು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆದಾಗ ಮೊಳೆಯ ಗೋಜನ್ನೇ ಬಿಟ್ಟು ಕಲ್ಲಚ್ಚು ಹಿಡಿಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಎಂದರೆ 1460ರ ದಶಕದಿಂದ ಮೊಳೆಯಚ್ಚಿಗೆ ಹೆಸರಾದ ಊರು ಎಂಬುದು ತಮಾಷೆ. ಕಲ್ಲಚ್ಚಿಗೆ ಪಂಚು ಬೇಡ, ಮಾತೃಕೆ ಬೇಡ, ಮೋಲ್ಡು ಬೇಡ. ಜಿಡ್ಡುಮಸಿಯಿಂದ ಬರೆದದ್ದು ಕಲ್ಲಿನ ಮೇಲೆ ಕೂತರೆ ಸಾಕು. ತೇವ ಮಾಡಿದ ಕಲ್ಲು ಮಸಿಯನ್ನು ತಳ್ಳುತ್ತದೆ, ಜಿಡ್ಡಿನ ಗೆರೆ ಹಿಡಿದುಕೊಳ್ಳುತ್ತದೆ, ಒತ್ತಕ್ಷರ ಎಷ್ಟಿದ್ದರೂ ಬರೆಯುವವನ ಕೈಗೆ ಬಿಟ್ಟದ್ದು. ಹರ್ಮನ್ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಹೀಗೆ. ಮರುವರ್ಷ ಅದನ್ನು ಮೊಳೆ ಜೋಡಿಸಿ ಅಚ್ಚಿಸಬೇಕೆಂದಾಗ ಪತ್ರಿಕೆಯನ್ನು ಬಳ್ಳಾರಿಗೆ ಒಯ್ಯಬೇಕಾಯಿತು.